ಅರ್ಧ ಗಂಟೆಯ ಕೊರತೆ

ಪುಸ್ತಕಗಳನ್ನು ಕುರಿತು ನಾಲ್ಕು ಮಾತು ಬರೆಯುವ ಅಭ್ಯಾಸವಿರುವವನ ಕೈಗೆ ಜನ ಒಮ್ಮೊಮ್ಮೆ ಪುಸ್ತಕವಲ್ಲದ ವಸ್ತುಗಳನ್ನೂ ತಂದುಕೊಟ್ಟು ಅಭಿಪ್ರಾಯ ಕೇಳುವುದುಂಟು. ಹೋದ ಮಾವಿನ ಸುಗ್ಗಿಯಲ್ಲಿ ಶ್ರೀನಿವಾಸಪುರದ ಅಕ್ಕನ ಮನೆಯಲ್ಲಿ ನನಗೆ ಆದದ್ದು ಹೀಗೆಯೇ. ಅಕ್ಕನ ಮಗ ಕ್ಯಾಲಿಫೋರ್ನಿಯಾದಿಂದ ಬಂದಿದ್ದ. ಊಟವಾದ ಮೇಲೆ ಮಣಿಕಟ್ಟಿನಿಂದ ಗಡಿಯಾರವನ್ನು ಬಿಚ್ಚಿ ನನ್ನ ಅಂಗೈಯಲ್ಲಿಟ್ಟು, “ಮಾವ, ಎಲ್ಲರ ಕಾವ್ಯದಲ್ಲೂ ತಪ್ಪು ಹುಡುಕುತ್ತೀರಲ್ಲ, ಇದರಲ್ಲಿ ಒಂದು ತಪ್ಪು ತೋರಿಸಿ ನೋಡೋಣ” ಎಂದ.

ಸ್ವಿಟ್ಜರ್ಲೆಂಡಿನ ಗಡಿಯಾರ. ಆ ಮಾದರಿಯ ತಯಾರಿಕೆ ನಿಂತುಹೋಗಿ ಎಷ್ಟೋ ವರ್ಷವಾಗಿದೆಯಂತೆ. ಆದಕಾರಣವೇ ಸಂಗ್ರಹಿಸುವವರಲ್ಲಿ ಅದಕ್ಕೆ ಬೇಡಿಕೆ. ಸಮುದ್ರದಲ್ಲಿ 300 ಮೀಟರು ಇಳಿದರೂ ಒಳಗೆ ನೀರು ಹೋಗದು. ಎರಡು ದೇಶಗಳ ಹೊತ್ತನ್ನು ಒಟ್ಟಿಗೇ ತೋರಿಸುತ್ತದೆ. ಬೆಲೆಯನ್ನು ಮಾತ್ರ ಅವನು ತಾಯಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದ. ಉಪ್ಪಿನಕಾಯಿಗೆ ಮಾವಿನಕಾಯಿ ಹೋಳು ಮಾಡುತ್ತಿದ್ದ ಅಕ್ಕ ಕೈ ಒರೆಸಿಕೊಂಡು ಬಂದು ಬಗ್ಗಿ ನೋಡಿದಳು. “ಇದರಲ್ಲಿ ನಮ್ಮೂರಿನ ಹೊತ್ತೂ ಕಾಣುತ್ತೇನೋ?” ಎಂದು ಕೇಳಿದಳು. “ಕಾಣುತ್ತಮ್ಮಾ. ನಾನು ಅಲ್ಲಿರುವಾಗ ಈ ನಾಲ್ಕನೇ ಮುಳ್ಳು ನಿಂದೇ” ಎಂದ.

ವಿಮರ್ಶಕನಿಗೆ ಇದಕ್ಕಿಂತ ಬೇರೆ ಪೀಠಿಕೆ ಬೇಡ. ಕೃತಿ ತಾನು ಏನು ಮಾಡುತ್ತೇನೆಂದು ಹೇಳಿಕೊಂಡಿದೆ. ಹೇಳಿದ್ದನ್ನು ಮಾಡಿದೆಯೇ ಎಂದು ನೋಡುವುದು ನಮ್ಮ ಕೆಲಸ. ಗಡಿಯಾರವನ್ನು ಒಂದು ರಾತ್ರಿ ನನ್ನಲ್ಲಿಟ್ಟುಕೊಳ್ಳಲು ಅನುಮತಿ ಪಡೆದೆ.

ಯಾವ ಕೃತಿಯನ್ನಾದರೂ ಅದರ ಪರಂಪರೆಯೊಳಗಿಟ್ಟು ನೋಡಬೇಕಷ್ಟೆ. ಇಂಥ ಗಡಿಯಾರ ಎರಡು ಮನೆತನಗಳ ಸಂಬಂಧದಿಂದ ಹುಟ್ಟಿದ್ದು. ಒಂದು ಮನೆತನ ಮುಳುಗುಗಾರರದು. 1953ರಲ್ಲಿ ಬ್ಲಾಂಕ್‌ಪೇನ್ ಎಂಬ ಸ್ವಿಸ್ ಸಂಸ್ಥೆ ‘ಫಿಫ್ಟಿ ಫ್ಯಾದಮ್ಸ್’ ಎಂಬ ಗಡಿಯಾರವನ್ನು ತಂದಿತು. ಫ್ರೆಂಚ್ ನೌಕಾಪಡೆಯ ಮುಳುಗುಗಾರರು ಅದನ್ನು ಕಟ್ಟಿಕೊಂಡು ನೀರಿಗಿಳಿದರು. ಆ ಹೆಸರನ್ನು ಕನ್ನಡಕ್ಕೆ ತರಲು ನಿಘಂಟು ತೆರೆಯಬೇಕಾಗಿಲ್ಲ: ಐವತ್ತು ಮಾರು. ಎರಡು ತೋಳು ಚಾಚಿದಷ್ಟು ಉದ್ದ ಒಂದು ಮಾರು. ನಮ್ಮ ಹಿರಿಯರು ಬಾವಿಯ ಹಗ್ಗವನ್ನು ಅಳೆಯುತ್ತಿದ್ದದ್ದೂ ಅದರಲ್ಲೇ. ಇನ್ನೊಂದು ಮನೆತನ ವಿಮಾನ ಚಾಲಕರದು. 1950ರ ದಶಕದ ಮಧ್ಯದಲ್ಲಿ ರೋಲೆಕ್ಸ್ ಸಂಸ್ಥೆ ಪ್ಯಾನ್ ಅಮೆರಿಕನ್ ವಿಮಾನ ಸಂಸ್ಥೆಯ ಚಾಲಕರಿಗಾಗಿ ‘ಜಿಎಂಟಿ ಮಾಸ್ಟರ್’ ಎಂಬುದನ್ನು ಸಿದ್ಧಪಡಿಸಿತು. ದಿನಕ್ಕೆ ಒಂದೇ ಸುತ್ತು ಬರುವ ನಾಲ್ಕನೆಯ ಮುಳ್ಳು, ಅದರ ಸುತ್ತ 24 ಗಂಟೆಗಳ ಅಂಕಿಗಳಿರುವ, ಬೆರಳಿನಿಂದ ತಿರುಗಿಸಬಹುದಾದ ಒಂದು ಹೊರಬಳೆ. ಹೊರಟ ಊರಿನ ಹೊತ್ತೂ ಇಳಿದ ಊರಿನ ಹೊತ್ತೂ ಒಂದೇ ಮುಖದಲ್ಲಿ ಕಾಣಬೇಕೆಂಬುದು ಅದರ ಉದ್ದೇಶ.

ಮುಳುಗುಗಾರನ ಗಡಿಯಾರಕ್ಕೂ ಹೊರಬಳೆಯಿದೆ. ಆದರೆ ಅದರ ಮೇಲಿರುವುದು 60 ನಿಮಿಷಗಳ ಗುರುತು. ನೀರಿಗಿಳಿಯುವಾಗ ಬಳೆಯ ಗುರುತನ್ನು ನಿಮಿಷದ ಮುಳ್ಳಿಗೆ ಎದುರಾಗಿಟ್ಟರೆ, ಆಮೇಲೆ ಎಷ್ಟು ನಿಮಿಷ ಕಳೆಯಿತೆಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಬೆನ್ನಿನ ಮೇಲಿನ ಗಾಳಿ ಎಷ್ಟು ಹೊತ್ತಿಗೆ ತೀರುತ್ತದೆಂಬುದು ಅವನಿಗೆ ಜೀವನ್ಮರಣದ ಲೆಕ್ಕ. ಈ ಬಳೆಯಲ್ಲಿ ನಾನು ಮನಸಾರೆ ಮೆಚ್ಚಿದ ಒಂದು ಗುಣವಿದೆ. ಅದು ಒಂದೇ ದಿಕ್ಕಿಗೆ, ಎಡಕ್ಕೆ ಮಾತ್ರ, ತಿರುಗುತ್ತದೆ. ಬಂಡೆಗೋ ದೋಣಿಗೋ ತಗುಲಿ ಬಳೆ ತಾನಾಗಿ ಸರಿದರೂ, ಕಳೆದ ಹೊತ್ತು ಇದ್ದುದಕ್ಕಿಂತ ಹೆಚ್ಚಾಗಿ ಕಾಣುವುದೇ ಹೊರತು ಕಡಿಮೆಯಾಗಿ ಕಾಣಲಾರದು. ಮುಳುಗುಗಾರ ಐದು ನಿಮಿಷ ಮುಂಚೆಯೇ ಮೇಲಕ್ಕೆ ಬಂದಾನು. ಐದು ನಿಮಿಷ ತಡೆದು ಸಾಯಲಾರ. ಮನುಷ್ಯನ ಕೈ ತಪ್ಪುವುದು ಸಹಜ. ತಪ್ಪಿದರೆ ಬದುಕಿನ ಕಡೆಗೇ ತಪ್ಪಲಿ ಎಂದು ಮೊದಲೇ ಯೋಚಿಸಿ ಮಾಡಿದ ವಸ್ತು ಇದು. ಅಲಂಕಾರವೆಂದು ನಾವು ಇಂದು ಕಾಣುವ ಹಲ್ಲುಹಲ್ಲಿನ ಆ ಬಳೆ ಅಲಂಕಾರಕ್ಕಾಗಿ ಹುಟ್ಟಿದ್ದಲ್ಲ. ಕಾವ್ಯದಲ್ಲೂ ಒಳ್ಳೆಯ ಅಲಂಕಾರದ ಲಕ್ಷಣ ಇದೇ ಅಲ್ಲವೆ? ಮೇಲೆ ಅಂಟಿಸಿದ್ದು ಬೇಗ ಉದುರುತ್ತದೆ. ಅಗತ್ಯದಿಂದ ಹುಟ್ಟಿದ್ದು ಅಗತ್ಯ ತೀರಿದ ಮೇಲೂ ಚೆಲುವಾಗಿ ನಿಲ್ಲುತ್ತದೆ.

ಈ ಎರಡು ಮನೆತನಗಳನ್ನು ಕೂಡಿಸಿದಾಗಲೇ ತೊಡಕು. ಹೊರಬಳೆ ಇರುವುದು ಒಂದು. ಅದನ್ನು ಬೇಡುವವರು ಇಬ್ಬರು. ಒಮೆಗಾ ಸಂಸ್ಥೆ 1990ರ ದಶಕದ ಕೊನೆಯ ವೇಳೆಗೆ ತಂದ, ಇಂದು ಸಂಗ್ರಾಹಕರು ಹುಡುಕುವ ‘ಸೀಮಾಸ್ಟರ್ ಜಿಎಂಟಿ’ಯನ್ನು ನೋಡಿ. 300 ಮೀಟರಿನ ಭರವಸೆಯಿದೆ, ಆಳದಲ್ಲಿ ದಿನಗಟ್ಟಲೆ ಇರುವವರಿಗೆ ಬೇಕಾದ ಹೀಲಿಯಂ ಕವಾಟವಿದೆ. ಆದರೆ ಬಳೆಯ ಮೇಲೆ ಕೆತ್ತಿರುವುದು 24 ಗಂಟೆ. ಅಷ್ಟು ಆಳಕ್ಕೆ ಇಳಿಯುವ ಸಾಮರ್ಥ್ಯವನ್ನು ಕೊಟ್ಟು, ಇಳಿದವನು ನಿಮಿಷ ಎಣಿಸುವ ಸಾಧನವನ್ನು ಹಿಂದಕ್ಕೆ ತೆಗೆದುಕೊಂಡಂತಾಯಿತು. ಬೇರೆ ಕೆಲವರು ನಿಮಿಷದ ಬಳೆಯನ್ನು ಹೊರಗೇ ಉಳಿಸಿ, 24 ಗಂಟೆಯ ಅಂಕಿಗಳನ್ನು ಮುಖದ ಒಳಸುತ್ತಿಗೆ ತಳ್ಳಿದರು. ನನ್ನ ಕೈಗೆ ಬಂದದ್ದು ಈ ಎರಡನೆಯ ಬಗೆಯದು. ಅಲ್ಲಿ ಮುಖ ಇಕ್ಕಟ್ಟಾಯಿತು; ಅಂಕಿಯ ಮೇಲೆ ಅಂಕಿ, ಸುತ್ತಿನೊಳಗೆ ಸುತ್ತು.

ಒಂದು ಪ್ರಬಂಧದಲ್ಲಿ ಅನೇಕ ರಸಗಳಿರಬಹುದು, ಆದರೆ ಒಂದು ಅಂಗಿಯಾಗಿ ಉಳಿದವು ಅದಕ್ಕೆ ಅಂಗಗಳಾಗಿರಬೇಕೆಂದು ಆನಂದವರ್ಧನ ವಿಧಿಸಿದ. ಆ ನಿಯಮ ಗಡಿಯಾರಕ್ಕೂ ಸಲ್ಲುತ್ತದೆಂದು ಅವನು ನಿರೀಕ್ಷಿಸಿರಲಾರ. ಇಲ್ಲಿ ಯಾರು ಅಂಗಿ? ಕತ್ತಲೆಯ ನೀರಿನಲ್ಲಿ ಇಪ್ಪತ್ತೈದು ಸೆಂಟಿಮೀಟರು ದೂರದಿಂದ ಓದಲು ಬರಬೇಕೆಂಬುದು ಮುಳುಗುಗಡಿಯಾರಗಳಿಗೆ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಹಾಕಿರುವ ನಿಬಂಧನೆ. ಅಲ್ಲಿ ಯಾವ ಊರಿನಲ್ಲಿ ಎಷ್ಟು ಗಂಟೆಯೆಂದು ಯಾರಿಗೂ ಬೇಕಿಲ್ಲ. ಸಮುದ್ರದ ತಳದಲ್ಲಿರುವವನಿಗೆ ಕ್ಯಾಲಿಫೋರ್ನಿಯಾ ಇಲ್ಲ, ಕೋಲಾರವಿಲ್ಲ. ಇರುವುದು ಉಳಿದ ಗಾಳಿ. ವಿಮಾನದಲ್ಲಿರುವವನಿಗೆ ಆಳ ಬೇಕಿಲ್ಲ. ಇಬ್ಬರ ಅಗತ್ಯವೂ ಒಬ್ಬನಲ್ಲಿ ಕೂಡುವುದು ಅಪರೂಪ. ಆದುದರಿಂದ ಇಂಥ ಗಡಿಯಾರ ಬಹುಮಟ್ಟಿಗೆ ಮುಳುಗದವನ ಮಣಿಕಟ್ಟಿನಲ್ಲಿ ಮುಳುಗುವ ಮಾತಾಡುತ್ತದೆ. ಇದನ್ನೇ ನಾನು ಪ್ರಥಮ ಆಕ್ಷೇಪಣೆಯಾಗಿ ಬರೆದುಕೊಂಡೆ.

ಎರಡನೆಯ ಆಕ್ಷೇಪಣೆ ಗಡಿಯಾರದ್ದಲ್ಲ, ನಮ್ಮ ನೆಲದ್ದು. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲ. ಕೆರೆಗಳನ್ನು ಕಟ್ಟಿ ಬದುಕಿದ ನಾಡು. ಕೆರೆಗಳು ಬತ್ತಿದ ಮೇಲೆ ಬಾವಿ, ಬಾವಿ ಬತ್ತಿದ ಮೇಲೆ ಕೊಳವೆಬಾವಿ. ಗಡಿಯಾರದ 300 ಮೀಟರು ಎಂದರೆ 984 ಅಡಿ, ಸುಮಾರು 164 ಮಾರು. ನಮ್ಮ ಜಿಲ್ಲೆಯಲ್ಲಿ 1,000 ಅಡಿ ಕೊರೆದು ನೀರು ಕಾಣದೆ 1,500 ಅಡಿಗೆ ಹೋದವರು ಅನೇಕರು. ಅದು 250 ಮಾರು. ಸಮುದ್ರದ ಆಳಕ್ಕೆ ಹೆದರದ ಈ ಗಡಿಯಾರದ ಅಳತೆ ಮುಗಿಯುವಲ್ಲಿ ಕೋಲಾರದ ರೈತನಿಗೆ ಇನ್ನೂ ಹಸಿಮಣ್ಣು ಸಿಕ್ಕಿರುವುದಿಲ್ಲ. 2018ರಿಂದ ಬೆಂಗಳೂರಿನ ಕೊಳಚೆನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸುತ್ತಿರುವುದು ಈ ಆಳವನ್ನು ಸ್ವಲ್ಪ ಮೇಲಕ್ಕೆ ತರುವುದಕ್ಕಾಗಿಯೇ. ಆ ನೀರಿನ ಗುಣದ ಚರ್ಚೆ ಬೇರೆ. ಕೆರೆಯಲ್ಲಿ ಅಲೆ ಕಂಡು ಮುದುಕರು ಏರಿಯ ಮೇಲೆ ನಿಂತು ನೋಡಿದ್ದನ್ನು ನಾನು ಕಂಡಿದ್ದೇನೆ.

ನೀರಿಲ್ಲದ ಆಳ ನಮ್ಮ ಜಿಲ್ಲೆಗೆ ಇನ್ನೊಂದಿತ್ತು. ಕೋಲಾರ ಚಿನ್ನದ ಗಣಿಯ ಚಾಂಪಿಯನ್ ರೀಫ್ ಸುಮಾರು 3,200 ಮೀಟರು ಇಳಿಯಿತು; 1,700 ಮಾರಿಗೂ ಹೆಚ್ಚು. ಅಲ್ಲಿ ಬಂಡೆಯೇ ಬೆಂಕಿಯಂತೆ ಕಾಯುತ್ತಿತ್ತು. ಮೇಲಿನ ಭಾರದಲ್ಲಿ ಬಿಗಿದಿದ್ದ ಕಲ್ಲು, ಪಕ್ಕದಲ್ಲಿ ಟೊಳ್ಳಾದ ಕೂಡಲೆ ಸಿಡಿದು ಜನರನ್ನು ಕೊಂದದ್ದುಂಟು. ಮುಳುಗುಗಡಿಯಾರದ ಹೀಲಿಯಂ ಕವಾಟದ ವಿಷಯ ಓದಿದಾಗ ನನಗೆ ಆ ಬಂಡೆಗಳ ನೆನಪಾಯಿತು. ಆಳದಲ್ಲಿ ಹೀಲಿಯಂ ಬೆರೆತ ಗಾಳಿಯಲ್ಲಿ ದಿನಗಟ್ಟಲೆ ಇರುವವರ ಗಡಿಯಾರದೊಳಗೆ ಆ ಅನಿಲ ನುಸುಳುತ್ತದೆ. ಮೇಲಕ್ಕೆ ಬರುವಾಗ ಹೊರಗಿನ ಒತ್ತಡ ಇಳಿದು, ಒಳಗಿನ ಅನಿಲ ಗಾಜನ್ನು ಎಬ್ಬಿಸಿಬಿಡಬಹುದು. ಅದಕ್ಕಾಗಿ ಒಂದು ಸಣ್ಣ ಬಾಗಿಲು. ಗಾಜು ಸಿಡಿಯಬಾರದೆಂದು ಇಷ್ಟು ಜಾಣತನ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅದರೊಳಗೆ ಇಳಿದವರಾರ ಹೆಸರಿನಲ್ಲೂ ಸಂಗ್ರಹಯೋಗ್ಯವಾದ ಗಡಿಯಾರ ಹೊರಟಿಲ್ಲ. ಅಲ್ಲಿಂದ ಹೊರಟ ಚಿನ್ನ ಮಾತ್ರ ಯಾವ ಯಾವ ಮಣಿಕಟ್ಟನ್ನು ಸೇರಿದೆಯೋ!

ಇಷ್ಟನ್ನು ಬರೆದುಕೊಂಡು ಮಲಗಿದೆ. ಮುಖ್ಯವಾದ ದೋಷ ಕಂಡದ್ದು ಬೆಳಗ್ಗೆ.

ಏಳು ಗಂಟೆಗೆ ಸರಿಯಾಗಿ ಗಡಿಯಾರ ನೋಡಿದೆ. ಗಂಟೆಯ ಮುಳ್ಳು ಏಳರ ಮೇಲೆ, ನಿಮಿಷದ ಮುಳ್ಳು ಹನ್ನೆರಡರ ಮೇಲೆ. ಕ್ಯಾಲಿಫೋರ್ನಿಯಾದ ನಾಲ್ಕನೆಯ ಮುಳ್ಳು 18ರ ಮೇಲೆ ನೆಟ್ಟಗೆ ನಿಂತಿತ್ತು. ಎಂದರೆ ಅಲ್ಲಿ ಹಿಂದಿನ ದಿನದ ಸಂಜೆ ಆರು. ಅಳಿಯನನ್ನು ಎಬ್ಬಿಸಿ ಅವನ ಫೋನು ನೋಡಲು ಹೇಳಿದೆ. ಅಲ್ಲಿ ಆಗ ಆರೂವರೆ.

ಗಡಿಯಾರ ಕೆಟ್ಟಿರಲಿಲ್ಲ. ಅದರ ರಚನೆಯೇ ಹಾಗೆ. ಇಂಥ ಗಡಿಯಾರದಲ್ಲಿ ಎರಡು ಊರಿಗೂ ನಿಮಿಷದ ಮುಳ್ಳು ಒಂದೇ. ಗಂಟೆಯ ಮುಳ್ಳನ್ನಾಗಲಿ ನಾಲ್ಕನೆಯ ಮುಳ್ಳನ್ನಾಗಲಿ ಸರಿಸಿದರೆ ಅದು ಇಡೀ ಗಂಟೆ ನೆಗೆಯುತ್ತದೆ, ಅರ್ಧ ನೆಗೆಯದು. ಲಂಡನ್ನು, ನ್ಯೂಯಾರ್ಕು, ಜಿನೀವಾ, ಟೋಕಿಯೊ ಎಲ್ಲವೂ ಒಂದಕ್ಕೊಂದು ಪೂರ್ಣ ಗಂಟೆಗಳ ಅಂತರದಲ್ಲಿವೆ. ಅವರಿಗೆ ಇದರಿಂದ ಏನೂ ತೊಂದರೆಯಿಲ್ಲ. ನಮ್ಮ ದೇಶ ಗ್ರೀನಿಚ್ಚಿಗಿಂತ ಐದೂವರೆ ಗಂಟೆ ಮುಂದು. ಆ ‘ವರೆ’ಗೆ ಈ ಯಂತ್ರದಲ್ಲಿ ಸ್ಥಳವಿಲ್ಲ. ಆರೂವರೆಯನ್ನು ಅದು ಆರು ಎಂದು ತೋರಿಸಬೇಕು, ಇಲ್ಲವೆ ಏಳು ಎಂದು ತೋರಿಸಬೇಕು. 24 ಗಂಟೆಯ ಅಂಕಿಗಳು ತಿರುಗುವ ಹೊರಬಳೆಯ ಮೇಲಿದ್ದರೆ, ಅದನ್ನು ಅರ್ಧ ಮನೆಯಷ್ಟು ಸರಿಸಿ ಹೇಗೋ ಸರಿದೂಗಿಸಬಹುದು. ಮುಳುಗುಗಾರನಿಗಾಗಿ ಆ ಬಳೆಯನ್ನು ಬಿಟ್ಟುಕೊಟ್ಟ ಗಡಿಯಾರದಲ್ಲಿ ಆ ಉಪಾಯವೂ ಇಲ್ಲ. ಅರ್ಧ ಗಂಟೆಯ ನಾಡುಗಳನ್ನು ಲೆಕ್ಕಕ್ಕೆ ಹಿಡಿದ ಗಡಿಯಾರಗಳು ಇಲ್ಲವೆಂದಲ್ಲ. ಕೆಲವೇ ಸಾವಿರ ರೂಪಾಯಿಯ ಜಪಾನಿ ಅಂಕಿಗಡಿಯಾರ ಅದನ್ನು ತಪ್ಪಿಲ್ಲದೆ ತೋರಿಸುತ್ತದೆ. ಬೆಲೆಬಾಳುವ ಈ ಬಗೆಗೆ ಮಾತ್ರ ಅದು ಸಾಧ್ಯವಾಗಿಲ್ಲ.

ಇದನ್ನು ದುರುದ್ದೇಶವೆಂದು ನಾನು ಹೇಳುವುದಿಲ್ಲ. ಪ್ರತಿಯೊಂದು ಉಪಕರಣವೂ ತನ್ನನ್ನು ಮೊದಲು ಕೊಂಡವರ ಭೂಪಟವನ್ನು ಹೊಟ್ಟೆಯಲ್ಲಿಟ್ಟುಕೊಂಡಿರುತ್ತದೆ. ಅಟ್ಲಾಂಟಿಕ್ ದಾಟುವ ಚಾಲಕನಿಗಾಗಿ ಹುಟ್ಟಿದ ಯಂತ್ರಕ್ಕೆ ಶ್ರೀನಿವಾಸಪುರ ಗೊತ್ತಿರಬೇಕಾಗಿರಲಿಲ್ಲ. ಆದರೆ ಆ ಭೂಪಟ ತಯಾರಾಗಿ ಎಪ್ಪತ್ತು ವರ್ಷವಾಯಿತು. ಈಗ ಇಂಥ ಗಡಿಯಾರ ಕೊಳ್ಳುವವರಲ್ಲಿ ನಮ್ಮ ಮನೆಗಳ ಮಕ್ಕಳೂ ಇದ್ದಾರೆ. ಕ್ಯಾಲಿಫೋರ್ನಿಯಾದಲ್ಲಿ ದುಡಿದು, ಎರಡನೆಯ ಮುಳ್ಳೊಂದನ್ನು ತಾಯಿಗಾಗಿ ಮೀಸಲಿಡುವವರು. ಸುಮಾರು ನೂರ ನಲವತ್ತು ಕೋಟಿ ಜನರ ಹೊತ್ತನ್ನು ಪೂರ್ಣಾಂಕಕ್ಕೆ ತಿದ್ದಿಬಿಡುವುದು ಕೃತಿಯ ಸಣ್ಣ ದೋಷವಲ್ಲ. ಎರಡು ಊರನ್ನು ಒಂದೇ ಮುಖದಲ್ಲಿ ತೋರಿಸುತ್ತೇನೆಂಬುದು ಅದರ ಪ್ರತಿಜ್ಞೆ. ಪ್ರತಿಜ್ಞೆ ಬಿದ್ದಿರುವುದು ಅಲ್ಲಿಯೇ.

ನ್ಯಾಯಕ್ಕಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಐದೂವರೆಯೂ ನಮ್ಮ ಊರಿನ ನಿಜವಾದ ಹೊತ್ತಲ್ಲ. 1906ರಲ್ಲಿ ಜಾರಿಗೆ ಬಂದ ಭಾರತೀಯ ಕಾಲಮಾನ ಪೂರ್ವದ ಎಂಬತ್ತೆರಡೂವರೆ ಡಿಗ್ರಿ ರೇಖಾಂಶವನ್ನು ಹಿಡಿದು ಲೆಕ್ಕ ಹಾಕಿದ್ದು. ಕೋಲಾರ ಅದಕ್ಕೆ ಪಶ್ಚಿಮದಲ್ಲಿದೆ. ಸರಾಸರಿಯಲ್ಲಿ ನಮ್ಮ ನಡುಹಗಲಿನ ಸೂರ್ಯ ಗಡಿಯಾರದ ಹನ್ನೆರಡಕ್ಕಿಂತ ಹದಿನೇಳು ನಿಮಿಷ ತಡವಾಗಿ ನೆತ್ತಿಗೆ ಬರುತ್ತಾನೆ. ಮೂಡಲಬಾಗಿಲೆಂಬ ಹೆಸರು ಸವೆದು ಮುಳಬಾಗಿಲಾದ ಊರಿಗೆ ಕೋಲಾರಕ್ಕಿಂತ ಸುಮಾರು ಒಂದು ನಿಮಿಷ ಮುಂಚೆ. ಮಾಲೂರಿಗೆ ಮುಳಬಾಗಿಲಿಗಿಂತ ಎರಡು ನಿಮಿಷಕ್ಕೆ ಸ್ವಲ್ಪ ಕಡಿಮೆ ತಡ. ಬಾಗಿಲೆಂಬ ಹೆಸರು ಸುಳ್ಳಲ್ಲ. ಇಷ್ಟು ಸೂಕ್ಷ್ಮವನ್ನು ಯಾವ ಗಡಿಯಾರವೂ ಹಿಡಿಯಬೇಕಾಗಿಲ್ಲ. ದೇಶವೆಲ್ಲ ಒಂದು ಹೊತ್ತಿಗೆ ಒಪ್ಪಿಕೊಂಡು ನಮ್ಮ ಹದಿನೇಳು ನಿಮಿಷ ಬಿಟ್ಟುಕೊಟ್ಟೆವು, ರೈಲು ಸಿಕ್ಕಿತು. ಅರ್ಧ ಗಂಟೆಯನ್ನು ಬಿಟ್ಟುಕೊಡಲು ಯಾರೂ ನಮ್ಮನ್ನು ಕೇಳಲಿಲ್ಲ.

ನಮ್ಮ ಪೂರ್ವಿಕರಲ್ಲೂ ಮುಳುಗುವ ಗಡಿಯಾರವಿತ್ತು. ಗಳಿಗೆಬಟ್ಟಲು ಎಂದು ಅದರ ಹೆಸರು. ತಳದಲ್ಲಿ ಸಣ್ಣ ತೂತಿರುವ ಬಟ್ಟಲನ್ನು ನೀರಿನ ಪಾತ್ರೆಯಲ್ಲಿ ತೇಲಬಿಡುವುದು. ನೀರು ತುಂಬಿ ಮುಳುಗಿದರೆ ಒಂದು ಗಳಿಗೆ, ಎಂದರೆ 24 ನಿಮಿಷ. ಮುಳುಗಿದರೇ ಅದು ಹೊತ್ತು ಹೇಳುವುದು. ಮದುವೆಯ ಮುಹೂರ್ತಕ್ಕೆ ಅದನ್ನಿಟ್ಟುಕೊಂಡು ಒಬ್ಬರು ಕಣ್ಣು ಕೀಳದೆ ಕಾಯಬೇಕಾಗಿತ್ತು. ಅದು ಎರಡು ಊರನ್ನು ತೋರಿಸುತ್ತೇನೆಂದು ಹೇಳಲಿಲ್ಲ. ಇಟ್ಟ ಮನೆಯ ಹೊತ್ತನ್ನು ಮಾತ್ರ ಹೇಳಿತು.

ಹತ್ತಿರದ ಕಾಲದ ಎರಡು ಕೃತಿಗಳೊಡನೆಯೂ ಹೋಲಿಸಬಹುದು. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಕಾರದಿಂದ ಬೆಂಗಳೂರಿನಲ್ಲಿ ಎಚ್‌ಎಂಟಿ ಕೈಗಡಿಯಾರಗಳು ತಯಾರಾಗತೊಡಗಿದವು. ಅವುಗಳಲ್ಲಿ ‘ಜನತಾ’ ಎಂಬುದು ದಿನಕ್ಕೊಮ್ಮೆ ಕೀಲಿ ಕೊಡಬೇಕಾದ, ಹದಿನೇಳು ಹರಳುಗಳ, ಆಡಂಬರವಿಲ್ಲದ ಗಡಿಯಾರ. ಮೇಷ್ಟರು, ಗುಮಾಸ್ತರು, ಮದುವೆಯ ಅಳಿಯಂದಿರು ಕಟ್ಟಿಕೊಂಡರು. 2016ರಲ್ಲಿ ಕೇಂದ್ರ ಸಂಪುಟ ಆ ಗಡಿಯಾರ ಕಂಪನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟ ಮೇಲೆ ಜನತಾ ಕೂಡ ಸಂಗ್ರಾಹಕರ ವಸ್ತುವಾಯಿತೆಂಬುದು ಕಾಲದ ಚೋದ್ಯ. ಇನ್ನೊಂದು, ಮಾಲೂರಿನಿಂದ ದಕ್ಷಿಣಕ್ಕೆ ಹೋಗಿ ಗಡಿ ದಾಟಿದರೆ ಸಿಗುವ ಹೊಸೂರಿನ ಟೈಟನ್ ಕಾರ್ಖಾನೆಯದು: 2002ರ ‘ಎಡ್ಜ್’. ಯಂತ್ರದ ದಪ್ಪ 1.15 ಮಿಲಿಮೀಟರು, ಇಡೀ ಗಡಿಯಾರದ್ದು 3.5. ತೆಳುವಾಗಿರಬೇಕೆಂಬ ಒಂದೇ ಹಟ, ಆ ಹಟಕ್ಕೆ ಉಳಿದದ್ದೆಲ್ಲ ಅಧೀನ. ಅಂಗಿರಸ ಯಾವುದೆಂದು ಕೇಳಬೇಕಾಗಿಲ್ಲ. ಈ ಎರಡೂ ತಮಗೆ ಆಗುವಷ್ಟನ್ನು ಹೇಳಿ ಅಷ್ಟನ್ನು ಮಾಡಿದವು. ಕ್ಷೇಮೇಂದ್ರ ಔಚಿತ್ಯವೆಂದದ್ದು ಇಂಥದನ್ನೇ ಇರಬೇಕು.

ಸಂಗ್ರಾಹಕರ ಮೇಲೆ ನನಗೆ ಸಿಟ್ಟಿಲ್ಲ. ತಾಳೆಗರಿಗಳನ್ನು ಸಂಗ್ರಹಿಸಿದವರಿಲ್ಲದಿದ್ದರೆ ನಮ್ಮ ಹಳಗನ್ನಡ ಎಲ್ಲಿರುತ್ತಿತ್ತು? ಆದರೆ ಓಲೆಯನ್ನು ಕಾಪಾಡಿದವರು ಯಾರಾದರೂ ಓದಲೆಂದು ಕಾಪಾಡಿದರು. ಗೀರು ಬೀಳುವುದೆಂದು ಮುಳುಗುಗಡಿಯಾರವನ್ನು ಬ್ಯಾಂಕಿನ ಪೆಟ್ಟಿಗೆಯಲ್ಲಿಡುವವನು, ಹಾಳೆ ಕತ್ತರಿಸದ ಪುಸ್ತಕವನ್ನು ಬೀರುವಿನಲ್ಲಿಟ್ಟವನ ಅಣ್ಣ. ನನ್ನ ಅಳಿಯ ಆ ಜಾತಿಯವನಲ್ಲ. ಅವನು ಕಟ್ಟಿಕೊಳ್ಳುತ್ತಾನೆ, ಅದರ ಮೇಲೆ ಗೀರುಗಳಿವೆ. ಅದಕ್ಕಾಗಿಯೇ ದೋಷವನ್ನು ಅವನಿಗೆ ಹೇಳಲು ಸ್ವಲ್ಪ ಸಂಕೋಚವಾಯಿತು.

ಹೇಳಿದೆ. ಅವನು ನಕ್ಕ. “ಗೊತ್ತು ಮಾವ. ಅರ್ಧ ಗಂಟೆ ಮನಸ್ಸಿನಲ್ಲೇ ಸೇರಿಸಿಕೊಳ್ತೀನಿ. ಮರೆತರೂ ಅರ್ಧ ಗಂಟೆ ಏನು ಮಹಾ?”

ಒಲೆಯ ಮುಂದಿದ್ದ ಅಕ್ಕ ತಿರುಗಲಿಲ್ಲ. “ಅದಕ್ಕೇ ಏನೋ, ಭಾನುವಾರ ಆರು ಗಂಟೆಗೆ ಮಾಡ್ತೀನಿ ಅಂತಿದ್ದ ಫೋನು ಒಂದೊಂದು ಸಲ ಆರೂವರೆಗೆ ಬರ್ತಿತ್ತು” ಎಂದಳು. “ಬಾಗಿಲಿಗೆ ನೀರು ಹಾಕೋಕೆ ಹೋದರೆ ಕೇಳಿಸೋಲ್ಲ ಅಂತ ಅಲ್ಲೇ ಕೂತಿರ್ತಿದ್ದೆ.”

ಅಳಿಯ ಏನೂ ಹೇಳಲಿಲ್ಲ. ಗಡಿಯಾರವನ್ನು ಕಟ್ಟಿಕೊಂಡು, ನಾಲ್ಕನೆಯ ಮುಳ್ಳನ್ನು ನೋಡುತ್ತ ಸ್ವಲ್ಪ ಹೊತ್ತು ಕೂತಿದ್ದ.

ನನ್ನ ತೀರ್ಮಾನವನ್ನು ಹೇಳಿ ಮುಗಿಸುತ್ತೇನೆ. ಈ ಕೃತಿಯ ಬಂಧ ಗಟ್ಟಿ, ಕುಸುರಿ ಶುದ್ಧ. ಒಂದೇ ದಿಕ್ಕಿಗೆ ತಿರುಗುವ ಬಳೆಯ ಕಲ್ಪನೆ ಯಾವ ಮಹಾಶಿಲ್ಪಿಗಾದರೂ ಹೆಮ್ಮೆ ತರುವಂಥದು. ಎರಡು ರಸಗಳ ತಿಕ್ಕಾಟದಿಂದ ಮುಖ ಕಲಕಿರುವುದನ್ನು ಕ್ಷಮಿಸಬಹುದು. ಆಳದ ವಿಚಾರದಲ್ಲಿ ನಮ್ಮ ಜಿಲ್ಲೆಗೆ ಅದರಿಂದ ಕಲಿಯಬೇಕಾದದ್ದೇನೂ ಇಲ್ಲ. ಕರ್ತೃಗಳಲ್ಲಿ ನನ್ನ ಕೋರಿಕೆ ಒಂದೇ: ಮುಂದಿನ ಆವೃತ್ತಿಯಲ್ಲಿ ಅರ್ಧ ಗಂಟೆಗೆ ಸ್ಥಳ ಮಾಡಿಕೊಡಿ. ಮುಳುಗುಗಾರನ ಐದು ನಿಮಿಷಕ್ಕಾಗಿ ಅಷ್ಟು ಯೋಚಿಸಿದವರಿಗೆ, ಆರು ಗಂಟೆಗೆ ಫೋನಿನ ಪಕ್ಕದಲ್ಲಿ ಕೂತವಳಿಗಾಗಿ ಇಷ್ಟನ್ನು ಮಾಡುವುದು ಕಷ್ಟವಾಗಲಾರದು.